ಬುಡ ನೋಡಿ ಹೊಡೆದ ಮುದ್ರೆ

ಮದುವೆ ಊಟಕ್ಕೆ ಕೂತಾಗ ಎಲೆಯ ತುದಿಗೆ ಓರೆಯಾಗಿ ಹೆಚ್ಚಿದ ಸೌತೆಕಾಯಿ ಬಿಲ್ಲೆ ಬಡಿಸುತ್ತಾರಲ್ಲ, ಅದನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಪಕ್ಕದಲ್ಲಿ ಕೂತವರು ಏನಾಯಿತು ಎಂದು ಕೇಳಿದರೆ ಪಿತ್ತ ಎನ್ನುತ್ತೇನೆ. ಪಿತ್ತವೂ ಅಲ್ಲ, ಮಣ್ಣೂ ಅಲ್ಲ. ಓರೆಯಾಗಿ ಕೊಯ್ದ ಏನನ್ನು ಕಂಡರೂ ಒಂದು ಬೇಸಿಗೆಯಲ್ಲಿ ನಮ್ಮ ಸಾಮಿಲ್ಲಿನ ಅಂಗಳಕ್ಕೆ ಬಂದು ಬಿದ್ದ ಒಂದು ಟ್ರ್ಯಾಕ್ಟರ್ ದಿಮ್ಮಿಗಳು ನೆನಪಾಗುತ್ತವೆ. ಅವುಗಳ ಮೇಲೆ ಮುದ್ರೆ ಹೊಡೆದ ಕೈ ನನ್ನದು. ಹೇಸಿಗೆ ಯಾರ ಮೇಲೆ ಎಂದು ಕೇಳಿದರೆ ಪಟ್ಟಿ ಉದ್ದ ಇದೆ, ಅದರಲ್ಲಿ ನಾನೂ ಇದ್ದೇನೆ.

ನಮ್ಮ ಮಿಲ್ಲು ಇದ್ದದ್ದು ಕನಕಪುರದ ರಸ್ತೆಯಲ್ಲಿ, ಹಾರೋಹಳ್ಳಿಗೆ ಒಂದೆರಡು ಸ್ಟಾಪ್ ಈಚೆ. ತಗಡಿನ ಶೆಡ್ಡು, ಒಂದು ದೊಡ್ಡ ಗರಗಸದ ಮಿಷನ್ನು, ದಿಮ್ಮಿ ತಳ್ಳುವ ಟ್ರಾಲಿಗೆ ಎರಡು ಕಂಬಿ, ಹಿಂದೆ ಹೊಟ್ಟಿನ ಗುಡ್ಡೆ. ಕಟ್ಟಿದವರು ನಮ್ಮ ಮಾವನವರು. ನನ್ನ ಗಂಡನಿಗೆ ಮರದ ಹೊಟ್ಟು ಮೂಗಿಗೆ ಹೋದರೆ ಉಬ್ಬಸ. ಎರಡು ದಿಮ್ಮಿ ಕೊಯ್ಯುವುದರೊಳಗೆ ಕಣ್ಣು ಕೆಂಪಾಗಿ, ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ಹಾಗಾಗಿ ಹೊಲ, ಹಸು ಅವರ ಪಾಲಿಗೆ ಹೋಯಿತು, ಮಿಲ್ಲು ನನ್ನ ಪಾಲಿಗೆ ಬಂತು. ಹೆಂಗಸು ಸಾಮಿಲ್ ನಡೆಸುತ್ತಾಳಂತೆ ಎಂದು ನೋಡುವುದಕ್ಕೇ ಬರುವವರಿದ್ದರು. ಸೌದೆ ಕೇಳುವ ನೆಪ ಮಾಡಿ ಬಂದು, ನಾನು ಟ್ರಾಲಿ ತಳ್ಳುವುದನ್ನು ಬಾಯಿ ಬಿಟ್ಟುಕೊಂಡು ನೋಡಿ, ಸೌದೆ ಕೊಳ್ಳದೆ ಹೋಗುತ್ತಿದ್ದರು. ಆಮೇಲೆ ನಾನು ಅಂಥವರ ಕೈಗೆ ಪೊರಕೆ ಕೊಟ್ಟು ಹೊಟ್ಟು ಗುಡಿಸಿ ಎನ್ನಲು ಶುರು ಮಾಡಿದೆ, ಬರುವುದು ನಿಂತಿತು.

ನಮ್ಮಲ್ಲಿ ಎಲ್ಲ ಮರವೂ ಕೊಯ್ಯುತ್ತಿದ್ದೆವು. ಬಾಗಿಲ ಚೌಕಟ್ಟಿಗೆ ಬೇವು, ಹಲಸು, ಗಾಡಿಗೆ ಜಾಲಿ. ಆದರೆ ಮಿಲ್ಲಿಗೆ ಹೆಸರು ತಂದದ್ದು ಆಲೆ ಮರ. ಆಲ ಅಲ್ಲ, ಆಲೆ. ಸೊಪ್ಪು ಮುರಿದರೆ ಹಾಲು ಸುರಿಯುವ, ಒಳಗೆ ದಂತದ ಹಾಗೆ ಬೆಳ್ಳಗಿರುವ ಮರ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರಿಗೆ ಬೇಕಾದದ್ದು ಇದೇ. ಇದು ಕಾಡಿನಿಂದ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಮಗೆ ಬರುತ್ತಿದ್ದದ್ದು ರೈತರ ಹೊಲದ ಬದುಗಳಿಂದ.

ಬದುವಿನ ಆಲೆಗೆ ಒಂದು ರೀತಿ ಇದೆ. ಅದನ್ನು ಬುಡಕ್ಕೆ ಕಡಿಯಬಾರದು. ಮೊಣಕಾಲೆತ್ತರ ಬಿಟ್ಟು, ಮಳೆ ನೀರು ನಿಲ್ಲದಂತೆ ಓರೆಯಾಗಿ ಕಡಿಯಬೇಕು, ಕಡಿದ ಮೋಟಿಗೆ ಸಗಣಿ, ಕೆಮ್ಮಣ್ಣು ಮೆತ್ತಬೇಕು. ಅದೂ ಎಲೆ ಉದುರಿದ ಮೇಲೆ, ಮೊದಲ ಮಳೆಗೆ ಮುಂಚೆ. ಮಳೆ ಬಿದ್ದರೆ ಮೋಟಿನ ಸುತ್ತ ಹತ್ತಾರು ಚಿಗುರು ಏಳುತ್ತವೆ. ಗಟ್ಟಿಮುಟ್ಟಾದ ಎರಡನ್ನು ಬಿಟ್ಟು ಉಳಿದದ್ದನ್ನು ಮೇಕೆಗೆ ಹಾಕಿದರೆ ಏಳೆಂಟು ವರ್ಷಕ್ಕೆ ಮತ್ತೆ ದಿಮ್ಮಿ. ಒಂದೇ ಬೇರಿನಿಂದ ಅಜ್ಜ, ಮಗ, ಮೊಮ್ಮಗ ಮೂವರೂ ಮರ ಕಡಿದು ಮಾರಿದ ಮನೆಗಳು ನನಗೆ ಗೊತ್ತು.

ನಮ್ಮ ಮಾವನವರದು ಒಂದೇ ಹಟ. ದಿಮ್ಮಿ ಬಂದರೆ ಮೊದಲು ಅದರ ಬುಡ ನೋಡುತ್ತಿದ್ದರು. ಓರೆಯಾಗಿ ಕಡಿದಿದ್ದರೆ ಸೈ. ನೆಟ್ಟಗೆ ನೆಲಮಟ್ಟಕ್ಕೆ ಕೊಯ್ದಿದ್ದರೆ, ಬೇರಿನ ಗಂಟು ಕಾಣುತ್ತಿದ್ದರೆ, ಗಾಡಿ ತಿರುಗಿಸು ಎನ್ನುತ್ತಿದ್ದರು. ಬುಡ ನೋಡಿ ಒಪ್ಪಿದ ಮೇಲೆ ನಮ್ಮ ಮುದ್ರೆ ಸುತ್ತಿಗೆ. ಅದರ ಮುಖದಲ್ಲಿ ಒಂದು ಬಳೆ, ಬಳೆಯೊಳಗೆ ಒಂದು ಎಲೆ ಕೊರೆದಿತ್ತು. ದಿಮ್ಮಿಯ ಬುಡಕ್ಕೆ ಒಂದೇ ಏಟು ಹೊಡೆದರೆ ಗುರುತು ಒಳಗಿಳಿದು ಕೂತುಬಿಡುತ್ತಿತ್ತು. ಚನ್ನಪಟ್ಟಣದ ಲೇತಿನವರು ಮರ ಕೊಳ್ಳುವಾಗ ಆ ಎಲೆಯನ್ನು ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದರು. ಅದಿಲ್ಲದ ಆಲೆಯನ್ನು ಅವರು ಮುಟ್ಟುತ್ತಿರಲಿಲ್ಲ. ಅವರ ಮಕ್ಕಳಿಗೂ ಮರ ಬೇಕಲ್ಲ, ಅದಕ್ಕೆ.

ಮಾವನವರು ಹೋದ ಮೇಲೆ ಸುತ್ತಿಗೆ ನನ್ನ ಕೈಗೆ ಬಂತು. ಅದನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ರಾತ್ರಿ ಬೀರುವಿನಲ್ಲಿ ಒಡವೆ ಪಕ್ಕದಲ್ಲಿಟ್ಟು ಬೀಗ ಹಾಕುತ್ತಿದ್ದೆ. ನನ್ನ ಗಂಡ ನಗುತ್ತಿದ್ದರು, ಕಳ್ಳ ಬಂದರೆ ಸರ ಬಿಟ್ಟು ಸುತ್ತಿಗೆ ಒಯ್ಯುತ್ತಾನೆ ನೋಡು ಎಂದು.

ಆಮೇಲೆ ಬಂತಲ್ಲ ಆ ಕಾಲ. ಎರಡು ಸಾವಿರದ ಇಸವಿ ದಾಟಿ ಒಂದಷ್ಟು ವರ್ಷವಾಗಿತ್ತು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ವರ್ಷ ವರ್ಷಕ್ಕೂ ಕೈಕಾಲು ಚಾಚಿಕೊಂಡು ಬಂತು. ಶೆಡ್ಡು, ಕಾಂಪೌಂಡು, ಗೇಟು, ಮತ್ತೆ ಶೆಡ್ಡು. ಅದರ ಸುತ್ತ ಲೇಔಟು. ರಾಗಿ ಹೊಲದಲ್ಲಿ ಬಣ್ಣ ಬಳಿದ ಕಲ್ಲು ನೆಟ್ಟು, ಅದಕ್ಕೊಂದು ದೇವರ ಹೆಸರಿಟ್ಟು, ಬಾವುಟ ಕಟ್ಟಿಬಿಟ್ಟರೆ ಅದು ನಗರವಂತೆ. ಹೋದ ವರ್ಷ ಒಟ್ಟಿಗೆ ಕಳೆ ಕಿತ್ತವರು ಈ ವರ್ಷ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಬೆರಳಿಗೆ ಕಲ್ಲಿನ ಉಂಗುರ ಏರಿಸಿ, ಕಾಫಿ ಹೋಟೆಲಿನ ಮುಂದೆ ನಿಂತು ಡೆವಲಪ್‌ಮೆಂಟು ಡೆವಲಪ್‌ಮೆಂಟು ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಹಳ್ಳಕ್ಕೆ ಬಿಟ್ಟ ಫ್ಯಾಕ್ಟರಿ ನೀರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಮೂಗು ಮುಚ್ಚಿಕೊಂಡು ಬಸ್ಸಿಗೆ ಕಾಯುತ್ತ ನಿಂತವರೂ ಅದೇ ಮಾತು ಆಡುತ್ತಿದ್ದರು.

ಜೆಸಿಬಿ ಬಂದ ಮೇಲೆ ಮರ ಕಡಿಯುವವರೇ ಇಲ್ಲವಾದರು. ಕಡಿಯುವುದು ಯಾಕೆ, ಕಿತ್ತರಾಯಿತು. ಬೇರು, ಮಣ್ಣು, ಕಲ್ಲಿನ ಸಮೇತ ಮರಗಳನ್ನು ಲಾರಿಗೆ ತುಂಬಿಕೊಂಡು ನಮ್ಮ ಗೇಟಿಗೆ ಬರುತ್ತಿದ್ದರು. ಬೇರಿನ ಸಂದಿಯಲ್ಲಿ ಒಮ್ಮೆ ಹಾವಿನ ಮೊಟ್ಟೆಗಳು ಒಡೆದು ಅಂಟಿಕೊಂಡಿದ್ದವು. ನಾನು ಬುಡ ನೋಡುತ್ತಿದ್ದೆ, ಗಾಡಿ ತಿರುಗಿಸಿ ಎನ್ನುತ್ತಿದ್ದೆ. ಕೆಲವರು ಬೈದು ಹೋಗುತ್ತಿದ್ದರು, ಕೆಲವರು ನಮ್ಮ ಹೊಟ್ಟಿನ ಗುಡ್ಡೆಗೆ ಗುಟ್ಕಾ ಉಗಿದು ಹೋಗುತ್ತಿದ್ದರು. ಬೆಳ್ಳಗಿನ ಆಲೆ ಹೊಟ್ಟಿನ ಮೇಲೆ ಆ ಕೆಂಪು ಎಂಜಲು ಕೂತುಬಿಡುತ್ತಿತ್ತು. ಸಲಿಕೆಯಲ್ಲಿ ಬಾಚಿ ಎಸೆಯುತ್ತಿದ್ದೆ.

ಇದರ ನಡುವೆ ಬೆಂಗಳೂರಿನಿಂದ ಮರದ ಆಟಿಕೆ ಮಾರುವ ಒಂದಿಬ್ಬರು ಬಂದು ನಮ್ಮ ರೀತಿ ರಿವಾಜು ಕೇಳಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಚಿಗುರಿದ ಮೋಟುಗಳ ಫೋಟೋ ತೆಗೆದರು. ನನ್ನನ್ನು ಸುತ್ತಿಗೆ ಹಿಡಿದು ನಿಲ್ಲಿಸಿ, ನಗಿ ಎಂದು ಹೇಳಿ, ಅದನ್ನೂ ತೆಗೆದರು. ಕಟ್ಟು ಹಾಕಿಸಿ ಕಳಿಸಿಕೊಟ್ಟ ಆ ಫೋಟೋವನ್ನು ನಾನು ನಾಚಿಕೆಯಿಲ್ಲದೆ ಮಿಲ್ಲಿನ ಆಫೀಸಿನಲ್ಲಿ, ಮಾವನವರ ಫೋಟೋ ಪಕ್ಕದಲ್ಲೇ ತೂಗುಹಾಕಿದೆ. ಬಂದವರೆಲ್ಲ ನೋಡಲಿ ಎಂಬ ಜಂಬ. ಈಗ ಹೇಳುವುದಕ್ಕೇನು, ಇತ್ತು.

ಮರಳವಾಡಿ ಕಡೆ ಒಬ್ಬ ಅಕ್ಕ ಇದ್ದಳು. ಅಕ್ಕ ಎಂದರೆ ಸಂಬಂಧವಲ್ಲ, ನನಗಿಂತ ಹತ್ತು ವರ್ಷ ದೊಡ್ಡವಳು, ನಮ್ಮ ಮಿಲ್ಲಿಗೆ ಹಳಬಳು. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಬೇರೆ ಒಲೆ ಹೂಡಿ, ನಾಲ್ಕು ಮೇಕೆ ಕಟ್ಟಿಕೊಂಡು ಬದುಕುತ್ತಿದ್ದಳು. ಅವಳ ಅಪ್ಪ ಸಾಯುವ ಮುಂಚೆ ಹೊಲದ ಒಂದು ಬದುವಿನ ಹದಿನೇಳು ಆಲೆ ಮರಗಳನ್ನು ಅರಿಶಿನ ಕುಂಕುಮಕ್ಕೆಂದು ಅವಳಿಗೆ ಕೊಟ್ಟಿದ್ದ. ಹೊಲ ಅಣ್ಣತಮ್ಮಂದಿರಿಗೆ, ಬದು ಮಗಳಿಗೆ. ನಾಲ್ಕು ಜನರ ಮುಂದೆ ಬಾಯಲ್ಲಿ ಹೇಳಿ ಕೊಟ್ಟದ್ದು, ಕಾಗದ ಇಲ್ಲ. ಆ ಕಾಲಕ್ಕೆ ಅದೇ ಸಾಕಾಗಿತ್ತು. ಅವಳು ವರ್ಷಕ್ಕೆ ಎರಡು ಮರದಂತೆ ಸರದಿಯ ಮೇಲೆ ಕಡಿಸುತ್ತಿದ್ದಳು. ಕೊನೆಯ ಮರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮತ್ತೆ ಬೆಳೆದು ನಿಂತಿರುತ್ತಿತ್ತು. ಸವರಿದ ಕೊಂಬೆ ಅವಳ ಒಲೆಗೆ, ಸೊಪ್ಪು ಮೇಕೆಗೆ. ಅವಳು ತಂದ ದಿಮ್ಮಿಗೆ ನಾನು ಬುಡ ನೋಡುವ ನೆಪವನ್ನಷ್ಟೇ ಮಾಡುತ್ತಿದ್ದೆ.

ಒಂದು ದಿನ ಅವಳು ಬರಿಗೈಯಲ್ಲಿ ಬಂದಳು. ಅಣ್ಣತಮ್ಮಂದಿರು ಹೊಲ ಮಾರಿದ್ದರು. ಬದುವೂ ಸೇರಿಯೇ ಅಳತೆಯಾಗಿತ್ತು. ಕಚೇರಿಯಲ್ಲಿ ಕೇಳಿದರೆ ಪಹಣಿಯಲ್ಲಿ ನಿನ್ನ ಹೆಸರೆಲ್ಲಿದೆ ಎಂದು ನಕ್ಕರಂತೆ. ಹೊಲ ಕೊಂಡವನ ಪರವಾಗಿ ಓಡಾಡುತ್ತಿದ್ದ ದಳ್ಳಾಳಿ ನನಗೆ ಚೆನ್ನಾಗಿ ಗೊತ್ತಿದ್ದವನು. ನಮ್ಮ ಮಾವನವರ ಕಾಲದಲ್ಲಿ ನಮಗೇ ಎತ್ತಿನ ಗಾಡಿ ಹೊಡೆಯುತ್ತಿದ್ದ. ಮರ ಓರೆಯಾಗಿ ಕಡಿಯುವುದನ್ನು ಮಾವನವರು ಅವನ ಕೈಗೇ ಕೊಡಲಿ ಕೊಟ್ಟು ಕಲಿಸಿದ್ದರು. ಈಗ ಅವನದೊಂದು ಜೆಸಿಬಿ, ಮಣಿಕಟ್ಟಿಗೆ ಚಿನ್ನದ ಸರಪಳಿ, ದವಡೆಯಲ್ಲಿ ಯಾವಾಗಲೂ ಗುಟ್ಕಾ.

ಅಕ್ಕ ಹೊಲ ಕೇಳಲಿಲ್ಲ. ಬದು ಹೇಗೂ ಹೊಸ ಸೈಟಿನ ಎಲ್ಲೆಯಾಗುತ್ತದೆ, ಕಾಂಪೌಂಡು ಅದರ ಒಳಗೆ ಬರುತ್ತದೆ, ಮರ ಕಡಿದುಕೊಂಡರೂ ಮೋಟು ಉಳಿಸಿದರೆ ಸಾಕು, ಚಿಗುರುತ್ತದೆ, ತನ್ನ ಕಾಲಕ್ಕೆ ಅಷ್ಟಾದರೆ ಸಾಕು ಎಂದಳು. ನಾನು ಮಾತು ಕೊಟ್ಟೆ. ಬೇರು ಸಮೇತ ಕಿತ್ತ ಆಲೆಗೆ ನನ್ನ ಸುತ್ತಿಗೆ ಬೀಳುವುದಿಲ್ಲ, ಸುತ್ತಿಗೆ ಬೀಳದ ಆಲೆ ಚನ್ನಪಟ್ಟಣದಲ್ಲಿ ಹೋಗುವುದಿಲ್ಲ, ದುಡ್ಡಿನ ಆಸೆಗಾದರೂ ಅವನು ಓರೆಯಾಗಿಯೇ ಕಡಿಯಬೇಕು ಎಂದೆ. ಅದೇ ವಾರ ದಳ್ಳಾಳಿಯನ್ನು ಕರೆಸಿ ಅವನಿಗೂ ಬಿಡಿಸಿ ಬಿಡಿಸಿ ಹೇಳಿದೆ. ಬುಡದಲ್ಲಿ ಓರೆ ಕಾಣಬೇಕು, ಕಂಡರೆ ಮಾತ್ರ ಮುದ್ರೆ ಎಂದೆ. ಅವನು ತಲೆಯಾಡಿಸಿದ. ಗೋಡೆಯ ಮೇಲಿದ್ದ ನನ್ನ ಫೋಟೋ ನೋಡಿ, ಚೆನ್ನಾಗಿ ಬಂದಿದೆ ಎಂದು ಹೊಗಳಿದ. ನಾನು ಉಬ್ಬಿದೆ.

ಹೊರಡುವಾಗ ಅಕ್ಕ ಇನ್ನೊಂದು ಮಾತು ಹೇಳಿದ್ದಳು. ಬದುವಿನ ಮೊದಲನೆಯ ಮರಕ್ಕೆ ಅವಳು ಮೇಕೆ ಕಟ್ಟುತ್ತಿದ್ದಳು. ಕಟ್ಟಿದ ಕಬ್ಬಿಣದ ಬಳೆಯನ್ನು ಮರ ನುಂಗಿಬಿಟ್ಟಿತ್ತು.

"ಬುಡದತ್ರ ಒಳಗೆ ಬಳೆ ಐತೆ ಕಣವ್ವ. ಯಾವತ್ತಾದ್ರೂ ಅದು ನಿನ್ತಾವ ಬಂದ್ರೆ ಬ್ಲೇಡು ಜೋಪಾನ," ಎಂದಳು.

ನನ್ನ ಬ್ಲೇಡಿನ ಚಿಂತೆ ಅವಳಿಗೆ. ಅಷ್ಟು ಒಳ್ಳೆಯವಳು.

ಆ ಹೊತ್ತಿಗೆ ನಮ್ಮ ಮೇಸ್ತ್ರಿ ಮಿಲ್ಲು ಬಿಟ್ಟಿದ್ದರು. ಮೂವತ್ತು ವರ್ಷ ನಮ್ಮ ಗರಗಸದ ಮುಂದೆ ನಿಂತವರು. ದಿಮ್ಮಿಗೆ ಮೂಗು ಹಿಡಿದರೆ ಯಾವ ಮಣ್ಣಿನ ಮರ, ಕಡಿದು ಎಷ್ಟು ದಿನವಾಯಿತು ಎಂದು ಹೇಳುತ್ತಿದ್ದರು. ಅಂಥವರು ಹಾರೋಹಳ್ಳಿಯ ಒಂದು ಫ್ಯಾಕ್ಟರಿ ಗೇಟಿನಲ್ಲಿ ನೀಲಿ ಯೂನಿಫಾರಂ ಹಾಕಿ, ಬಂದ ಕಾರಿಗೆಲ್ಲ ಸಲಾಂ ಹೊಡೆಯುವ ಕೆಲಸಕ್ಕೆ ಸೇರಿದರು. ತಪ್ಪು ಎನ್ನಲಾರೆ. ನಾನು ಗಾಡಿಗಳನ್ನು ತಿರುಗಿಸಿ ತಿರುಗಿಸಿ ವಾರದಲ್ಲಿ ಮೂರು ದಿನ ಗರಗಸ ಓಡುತ್ತಿರಲಿಲ್ಲ, ಅವರಿಗೆ ಹೊಟ್ಟೆ ಇತ್ತು. ಆದರೂ ಆ ಯೂನಿಫಾರಂ ನೋಡಿದ ಮೊದಲ ದಿನ ನಾನು ಮುಖ ತಿರುಗಿಸಿದೆ. ಇಡೀ ಸೀಮೆಯ ಮರವನ್ನೆಲ್ಲ ಓದಬಲ್ಲ ಮನುಷ್ಯ ಲಾರಿ ನಂಬರು ಬರೆಯುತ್ತ ಕೂತಿದ್ದ.

ಯುಗಾದಿ ಕಳೆದು ಹದಿನೈದು ದಿನವಾಗಿರಬೇಕು. ದಳ್ಳಾಳಿ ಟ್ರ್ಯಾಕ್ಟರಿನಲ್ಲಿ ಆಲೆ ತಂದ. ಮೂವತ್ತು ಚಿಲ್ಲರೆ ದಿಮ್ಮಿ. ಸೋಲೂರಿನ ಕಡೆಯ ಮಾಲು ಎಂದ.

"ಅಕ್ಕಾ, ನೀವು ಹೇಳ್ದಂಗೇ ಕೊಯ್ಸಿವ್ನಿ. ಬುಡ ನೋಡ್ಕಳಿ," ಎಂದ.

ನೋಡಿದೆ. ಎಲ್ಲವೂ ಓರೆ. ಅಳತೆ ಹಿಡಿದು ಕೊಯ್ದಂತೆ ಒಂದೇ ಓರೆ. ನನಗೆ ಎಷ್ಟು ಖುಷಿಯಾಯಿತೆಂದರೆ, ನೋಡಿದಿರಾ, ಒಂದು ಮಿಲ್ಲು ಹಟ ಹಿಡಿದರೆ ಇಂಥವನೂ ದಾರಿಗೆ ಬರುತ್ತಾನೆ ಎಂದು ಮನಸ್ಸಿನಲ್ಲೇ ಫೋಟೋದವರಿಗೆ ಹೇಳಿಕೊಂಡೆ. ಅವನಿಗೆ ಲೋಟ ತೊಳೆದು ಕಾಫಿ ಕೊಟ್ಟೆ. ಬೀರುವಿನಿಂದ ಸುತ್ತಿಗೆ ತಂದು ಒಂದೊಂದಕ್ಕೂ ಹೊಡೆಯುತ್ತ ಬಂದೆ. ಒಂದು ದಿಮ್ಮಿಯ ಬುಡದಲ್ಲಿ, ಬಿಳಿಯ ನಡುವೆ, ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ ಇತ್ತು. ಮರದೊಳಗೆ ಕಬ್ಬಿಣ ಇದ್ದರೆ ಹಾಗಾಗುತ್ತದೆ. ಯಾರೋ ಮೊಳೆ ಹೊಡೆದಿರಬೇಕು, ಬ್ಲೇಡು ಜೋಪಾನ ಎಂದುಕೊಂಡು ಸೀಮೆಸುಣ್ಣದಲ್ಲಿ ಅದರ ಸುತ್ತ ಗುಂಡಗೆ ಗೆರೆ ಎಳೆದೆ. ಅದರ ಮೇಲೂ ಮುದ್ರೆ ಹೊಡೆದೆ.

ಬಳೆ ಎಂದು ಅಕ್ಕ ಹೇಳಿದ್ದಳು. ನಾನು ಮೊಳೆ ಎಂದುಕೊಂಡೆ. ಸೋಲೂರು ಎಂದು ಕಿವಿಗೆ ಬಿದ್ದಮೇಲೆ ಮರಳವಾಡಿ ತಲೆಗೇ ಬರಲಿಲ್ಲ. ಓರೆ ಕಂಡ ಕಣ್ಣಿಗೆ ಬೇರೇನೂ ಕಾಣಲಿಲ್ಲ.

ಭಾನುವಾರ ಮೇಸ್ತ್ರಿ ರಜೆ ಎಂದು ಮಿಲ್ಲಿಗೆ ಬಂದರು, ಯೂನಿಫಾರಂ ಪ್ಯಾಂಟಿನ ಮೇಲೆ ಹಳೆಯ ಬನಿಯನ್ನು. ಅವರಿಗೆ ಆಲೆ ತೋರಿಸಬೇಕೆಂದು ನಾನೇ ಕರೆದುಕೊಂಡು ಹೋದೆ, ಶಹಬ್ಬಾಸ್ ಅನ್ನಿಸಿಕೊಳ್ಳಲು. ಅವರು ಒಂದು ದಿಮ್ಮಿಯ ಬುಡಕ್ಕೆ ಬಗ್ಗಿ ಮೂಸಿದರು. ಓರೆ ಮುಖದ ಅಂಚಿನಲ್ಲಿ, ತೊಗಟೆಯ ಉದ್ದಕ್ಕೂ ಉಗುರು ಎಳೆದರು. ಇನ್ನೊಂದಕ್ಕೆ ಹೋದರು, ಮತ್ತೊಂದಕ್ಕೆ. ಆಮೇಲೆ ಎದ್ದು ನಿಂತು ಕೈ ಒರೆಸಿಕೊಂಡರು.

"ಹಾಲೆಲ್ಲವ್ವ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಬದುಕಿರೋ ಮರಕ್ಕೆ ಕೊಡ್ಲಿ ಹಾಕುದ್ರೆ ಬ್ಯಾಸ್ಗೇಲೂ ಒಸಿ ಹಾಲು ಸುರೀತದೆ. ಅಂಚ್ನಲ್ಲಿ ಅಂಟಾಗಿ ಕೂತಿರ್ತದೆ. ಇವುಕ್ಕೆ ಒಂದು ತೊಟ್ಟೂ ಇಲ್ಲ. ಇವು ಸತ್ತು ಒಣಗಿದ ಮ್ಯಾಕೆ ಓರೆ ಕುಯ್ದಿರವು."

ಬೇರು ಸಮೇತ ಕಿತ್ತು, ವಾರಗಟ್ಟಲೆ ಬಿಸಿಲಿಗೆ ಬಿಟ್ಟು, ಆಮೇಲೆ ಬೇರಿನ ಗಂಟು ಹಾರಿಸಿ, ಮಿಷನ್ ಗರಗಸದಲ್ಲಿ ಬುಡಕ್ಕೆ ಓರೆ ಇಟ್ಟಿದ್ದರು. ಏನು ಕಾಣಬೇಕು ಎಂದು ನಾನೇ ಕರೆಸಿ ಹೇಳಿದ್ದೆನಲ್ಲ, ಅದನ್ನೇ ತೋರಿಸಿದ್ದರು. ಮಾವನವರು ಓರೆ ನೋಡುತ್ತಿದ್ದದ್ದು ಮೋಟು ಬದುಕಿದೆಯೇ ಎಂದು ತಿಳಿಯಲು. ನಾನು ಮೋಟು ಮರೆತು ಓರೆ ಹಿಡಿದುಕೊಂಡಿದ್ದೆ.

ಆಗ ಆ ನೀಲಿಗಪ್ಪು ಕಲೆ ನೆನಪಾಯಿತು. ಮೇಸ್ತ್ರಿಗೆ ಏನೂ ಹೇಳದೆ ಮರಳವಾಡಿಯ ಬಸ್ಸು ಹತ್ತಿದೆ.

ಅಶ್ವಿನಿ ಮಳೆ ಒಂದು ಹೊಡೆದಿತ್ತು. ಬದು ಇದ್ದ ಕಡೆ ಬದುವೇ ಇರಲಿಲ್ಲ, ಸಾಲಾಗಿ ಗುಂಡಿಗಳಿದ್ದವು, ಅವುಗಳಲ್ಲಿ ಕೆಂಪು ನೀರು ನಿಂತಿತ್ತು. ಎಣಿಸಲಿಲ್ಲ. ಎಷ್ಟು ಎಂದು ಗೊತ್ತಿತ್ತು. ಒಂದು ಗುಂಡಿಯಲ್ಲಿ ಯಾರೋ ಗುಟ್ಕಾ ಚೀಟಿಗಳನ್ನು ಎಸೆದಿದ್ದರು, ನೀರಿನ ಮೇಲೆ ಮಿರಿಮಿರಿ ಹೊಳೆಯುತ್ತ ತೇಲುತ್ತಿದ್ದವು. ಥೂ.

ಅಕ್ಕ ಮನೆಯ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು ಮಜ್ಜಿಗೆ ತಂದುಕೊಟ್ಟಳು. ಅಳಲಿಲ್ಲ. ಯುಗಾದಿಗೆ ಮುಂಚೆಯೇ ಕಿತ್ತರಂತೆ. ಮರಗಳು ಅಲ್ಲೇ ಬಿದ್ದು ಒಣಗುತ್ತಿದ್ದವಂತೆ, ಒಂದು ದಿನ ಬೆಳಗ್ಗೆ ನೋಡಿದರೆ ಇಲ್ಲವಂತೆ.

"ಮಿಷನ್ ತಂದು ನಿಲ್ಸುದಾಗ ನಾನು ಮುಂದ್ಕೋಗಿ ಮಲಿಕ್ಕಂಡ್ಬುಡ್ಬೋದಿತ್ತು ಕಣವ್ವ. ಓಗ್ಲಿಲ್ಲ. ನಿನ್ ಸುತ್ಗೆ ಬೀಳ್ದೆ ಇವು ಎಲ್ಗೂ ಓಗಕಿಲ್ಲ ಅಂತ ಗೊತ್ತಿತ್ತಲ್ಲ. ಒಂದು ಕಿತ್ತು ನೋಡ್ಲಿ, ತಗಳೋರಿಲ್ದೆ ಮಿಕ್ಕುದ್ದು ಬುಡ್ತಾರೆ ಅಂದ್ಕಂಡು ಸುಮ್ಕೆ ನಿಂತ್ಕಂಡೆ," ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ನಿನ್ತಾವ ತಂದಿದ್ರಾ? ವಾಪಸ್ ಕಳ್ಸುದ್ಯಲ್ಲ?"

ಮಜ್ಜಿಗೆ ಲೋಟ ತುಟಿಯ ಹತ್ತಿರ ಇತ್ತು.

"ಹೂಂ ಅಕ್ಕ, ಕಳಿಸಿದೆ," ಎಂದೆ.

ಅವಳು ತಲೆಯಾಡಿಸಿದಳು. ನನಗೆ ಗೊತ್ತಿತ್ತು ಬುಡು ಎಂದಳು. ಹೋಗುವಾಗ ಒಂದು ಹಿಡಿ ಹುಣಸೆಹಣ್ಣು ಎಲೆಯಲ್ಲಿ ಕಟ್ಟಿಕೊಟ್ಟಳು, ನಾನು ತೆಗೆದುಕೊಂಡೆ. ದಳ್ಳಾಳಿ ಹೇಸಿಗೆ, ಅಣ್ಣತಮ್ಮಂದಿರು ಹೇಸಿಗೆ, ಕಚೇರಿಯಲ್ಲಿ ನಕ್ಕವನು ಹೇಸಿಗೆ, ಸರಿ. ಆದರೆ ಅವತ್ತು ಆ ಜಗಲಿಯ ಮೇಲೆ ಎಲ್ಲರಿಗಿಂತ ಹೇಸಿಗೆ ಹುಟ್ಟಿಸುವಂಥದ್ದು ಮಾಡಿದವಳು ಮಜ್ಜಿಗೆಯನ್ನು ಪೂರ್ತಿ ಕುಡಿದ ನಾನು.

ಮಾರನೆಯ ದಿನ ದಳ್ಳಾಳಿಯನ್ನು ಕರೆಸಿದೆ. ಬಾಯಿಗೆ ಬಂದಂತೆ ಬೈದೆ. ಅವನು ಗೇಟಿಗೆ ಒರಗಿಕೊಂಡು ಎಲ್ಲ ಕೇಳಿಸಿಕೊಂಡ.

"ಓರೆ ಬೇಕು ಅಂದ್ರಿ, ಓರೆ ತಂದ್ಕೊಟ್ಟೆ. ಇನ್ನೇನ್ ಬೇಕಕ್ಕ ನಿಮ್ಗೆ?" ಎಂದ. ಪಕ್ಕಕ್ಕೆ ತಿರುಗಿ ಉಗಿದ.

ಮಾಲು ಎತ್ತಿಕೊಂಡು ಹೋಗು ಎಂದೆ. ಅದಕ್ಕೆ ಮುಂಚೆ ಒಂದು ಕೆಲಸ ಇತ್ತು. ಗರಗಸ ಹಚ್ಚಿ, ಒಂದೊಂದೇ ದಿಮ್ಮಿ ಟ್ರಾಲಿಗೇರಿಸಿ, ಮುದ್ರೆ ಇದ್ದ ಮುಖವನ್ನು ನಾಲ್ಕು ಬೆರಳು ದಪ್ಪಕ್ಕೆ ಕೊಯ್ದು ತೆಗೆದೆ. ಬ್ಲೇಡು ಒಂದು ಕಡೆ ಕಿರ್ರೆಂದು ಕೂಗಿತು. ಅಕ್ಕನ ಕಬ್ಬಿಣದ ಬಳೆಯ ಪಕ್ಕ ಸವರಿಕೊಂಡು ಹೋಗಿತ್ತು. ಓರೆ ಮುಖದ ಉದ್ದಕ್ಕೂ ಕೊಯ್ದದ್ದರಿಂದ ಎಲ್ಲವೂ ಓರೆ ಬಿಲ್ಲೆಗಳೇ, ಮದುವೆ ಮನೆಯ ಸೌತೆಕಾಯಿ ಹಾಗೆ. ಮುದ್ರೆಯಿಲ್ಲದ ದಿಮ್ಮಿಗಳನ್ನು ಅವನು ಒಯ್ದು ಯಾವುದೋ ಫ್ಯಾಕ್ಟರಿಗೆ ಪ್ಯಾಕಿಂಗ್ ಡಬ್ಬಿಗೆ ಕೊಟ್ಟನಂತೆ. ಬೊಂಬೆಯಾಗಬೇಕಾದ ಮರ ಯಾವುದೋ ಬೋಲ್ಟು ನಟ್ಟು ತುಂಬಿಕೊಂಡು ಊರು ಬಿಟ್ಟಿತು. ಬಿಲ್ಲೆಗಳನ್ನು ಸುಟ್ಟುಬಿಡಬೇಕು ಎಂದುಕೊಂಡೆ. ಅವತ್ತು ಮಳೆ ಬಂತು. ಅವು ಸೌದೆ ಗುಡ್ಡೆಯ ಪಕ್ಕದಲ್ಲೇ ಉಳಿದವು, ಮೇಲೆ ಒಂದು ಗೋಣಿಚೀಲ ಹೊದಿಸಿದೆ. ಗೋಡೆಯಿಂದ ಫೋಟೋ ಇಳಿಸಿದೆ.

ಅಕ್ಕ ಬಂದದ್ದು ಅದಾದ ಎರಡು ವಾರಕ್ಕೆ. ಕೈಯಲ್ಲಿ ಖಾಲಿ ಚೀಲ ಇತ್ತು. ಒಸಿ ಸೌದೆ ಬೇಕಿತ್ತು ಎಂದಳು. ನಾನು ಬೆಪ್ಪಾಗಿ ನೋಡಿದೆ. ಹುಟ್ಟಿದಾಗಿನಿಂದ ಅವಳು ಸೌದೆ ಕೊಂಡವಳಲ್ಲ. ಹದಿನೇಳು ಮರದ ಕೊಂಬೆ ಅವಳ ಒಲೆಗೆ ಸಾಕಾಗಿ ಮಿಗುತ್ತಿತ್ತು. ಈಗ ಒಲೆಗೆ ಏನೂ ಇಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ತಕ್ಕಡಿಗೆ ಕಲ್ಲು ಹಾಕಲು ಒಳಗೆ ಹೋದೆ. ಬರುವಷ್ಟರಲ್ಲಿ ಅವಳು ಒಣಗಿದ ಸೌದೆ ಹುಡುಕುತ್ತ ಗೋಣಿಚೀಲ ಸರಿಸಿದ್ದಳು.

ಕೈಯಲ್ಲಿ ಒಂದು ಬಿಲ್ಲೆ ಇತ್ತು. ನಡುವೆ ನೀಲಿಗಪ್ಪು ಕಲೆ, ಸುತ್ತ ನನ್ನ ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ ನನ್ನ ಮುದ್ರೆಯ ಬಳೆಯೊಳಗಿನ ಎಲೆ. ಅವಳು ಕಲೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಚನ್ನಪಟ್ಟಣದವರ ಹಾಗೆಯೇ ಹೆಬ್ಬೆರಳಲ್ಲಿ ಆ ಎಲೆಯನ್ನು ಸವರಿದಳು. ಅವಳಿಗೆ ಓದು ಬರಹ ಬರದು. ಈ ಗುರುತು ಮಾತ್ರ ಇಪ್ಪತ್ತು ವರ್ಷದಿಂದ ಗೊತ್ತು.

ನಾನು ಅಕ್ಕ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಕುಕ್ಕುರುಗಾಲಲ್ಲಿ ಕೂತು ಬಿಲ್ಲೆಗಳನ್ನು ಒಂದೊಂದಾಗಿ ತಿರುವಿ ತಿರುವಿ ನೋಡಿದಳು. ಕೆಲವನ್ನು ಪಕ್ಕಕ್ಕೆ ಇಟ್ಟಳು, ಕೆಲವನ್ನು ಚೀಲಕ್ಕೆ ಹಾಕಿದಳು. ತನ್ನವು ಯಾವುವು ಎಂದು ಅವಳಿಗೆ ಹೇಗೆ ತಿಳಿಯಿತೋ, ಗಂಟು ನೋಡಿಯೋ, ತೊಗಟೆ ನೋಡಿಯೋ. ಚೀಲಕ್ಕೆ ಹೋದವು ಹದಿನೇಳು, ಉಳಿದವು ಇನ್ಯಾರ ಬದುವಿನವೋ. ಅಷ್ಟಾದ ಮೇಲೆ ನಿಲ್ಲಿಸಿದಳು. ಚೀಲದ ಬಾಯಿ ಕಟ್ಟಿ ಎದ್ದಳು.

ನಾನು ತಕ್ಕಡಿಯ ಪಕ್ಕದಲ್ಲಿ ಕಲ್ಲು ಹಿಡಿದುಕೊಂಡೇ ನಿಂತಿದ್ದೆ.

"ಇವು ನಮ್ಮವು ಕಣವ್ವ," ಎಂದಳು. "ತೂಕಕ್ಕೆ ಹಾಕ್ಬ್ಯಾಡ."

ಕಲ್ಲು ಕೆಳಗಿಟ್ಟು, ಚೀಲವನ್ನು ಅವಳ ತಲೆಗೆ ಎತ್ತಿಕೊಟ್ಟೆ.